ಗಲ್ಫ್ ಶಾಲೆಯಲ್ಲಿ ಟೀಚರ್ ಕೆಲಸ: ವೀಸಾ ಕೊಡುವವರು ಯಾರು, ಏಜೆಂಟರಿಗೆ ದುಡ್ಡು ಕೊಡುವುದು ಯಾವುದಕ್ಕೆ?

ಯುಎಇಯಲ್ಲಿರುವ ಸಿಬಿಎಸ್‌ಇ ಶಾಲೆಗಳಿಗೆ ಹೊಸ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಅದಕ್ಕೆ ಮೊದಲಿನ ಚಳಿಗಾಲದಲ್ಲೇ ಶಿಕ್ಷಕರ ಹುಡುಕಾಟ ನಡೆಯುತ್ತದೆ. ಆ ಹೊತ್ತಿಗೆ ಮಂಗಳೂರು, ಉಡುಪಿ, ಬೆಂಗಳೂರಿನ ಬಿ.ಎಡ್. ಮುಗಿಸಿದವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದೇ ಧಾಟಿಯ ಸಂದೇಶ ಹರಿದಾಡತೊಡಗುತ್ತದೆ: 'ದುಬೈಗೆ ಟೀಚರ್ ಬೇಕು, ಊಟ ವಸತಿ ಉಚಿತ, ವೀಸಾ ಗ್ಯಾರಂಟಿ, ಫೈಲ್ ಚಾರ್ಜ್ ಮಾತ್ರ ಮೊದಲು ಕಟ್ಟಬೇಕು.' ಇಂಥ ಸಂದೇಶಗಳಲ್ಲಿ ಕೆಲವು ನಿಜವಾದ ಕೆಲಸದವು, ಕೆಲವು ಅಪ್ಪಟ ಮೋಸ. ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ಬೇರ್ಪಡಿಸಿ ನೋಡಬೇಕಾದರೆ ವೀಸಾ ಎನ್ನುವುದು ಹುಟ್ಟುವುದು ಎಲ್ಲಿ, ಅದರಲ್ಲಿ ಏಜೆಂಟರ ಪಾಲು ಎಷ್ಟು ಎಂಬುದು ಗೊತ್ತಿರಬೇಕು. ಕರ್ನಾಟಕದಿಂದ ಹೆಚ್ಚು ಜನ ಹೋಗುವ ಯುಎಇಯನ್ನೇ ಇಟ್ಟುಕೊಂಡು ಇಲ್ಲಿ ಆ ಲೆಕ್ಕ ಬಿಡಿಸಿದೆ.

ವೀಸಾ ಏಜೆಂಟರ ಹತ್ತಿರ ಇರುವುದಿಲ್ಲ

ಬಾಡಿಗೆ ಮನೆ ತೋರಿಸುವ ಬ್ರೋಕರ್ ಮನೆಯ ಬೀಗದ ಕೈ ತಂದು ಬಾಗಿಲು ತೆಗೆಯಬಹುದು, ಮಾಲೀಕರ ಜೊತೆ ಮಾತಾಡಿಸಬಹುದು. ಆದರೆ ಕರಾರು ಪತ್ರಕ್ಕೆ ಸಹಿ ಹಾಕುವವರು ಮನೆಯ ಮಾಲೀಕರು. ಬ್ರೋಕರ್ ಸಹಿ ಹಾಕಿದ ಪತ್ರಕ್ಕೆ ಬೆಲೆಯಿಲ್ಲ. ವಿದೇಶದ ಕೆಲಸದ ವಿಷಯವೂ ಹಾಗೇ. ಯುಎಇಯಲ್ಲಿ ಕೆಲಸದ ವೀಸಾಕ್ಕೆ ಅರ್ಜಿ ಹಾಕುವುದು ನೀವಲ್ಲ, ಏಜೆಂಟರೂ ಅಲ್ಲ. ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುವ ಶಾಲೆಯೇ ಅಲ್ಲಿನ ಸರ್ಕಾರಕ್ಕೆ ಅರ್ಜಿ ಹಾಕಬೇಕು. ಆ ಶಾಲೆಯನ್ನು ಸ್ಪಾನ್ಸರ್ ಎನ್ನುತ್ತಾರೆ.

ಕೆಲಸ ಸಾಗುವ ಕ್ರಮ ಇದು. ಶಾಲೆ ನಿಮ್ಮನ್ನು ಆರಿಸಿ, ಅಲ್ಲಿನ ಮಾನವ ಸಂಪನ್ಮೂಲ ಮತ್ತು ಎಮಿರಾಟೀಕರಣ ಸಚಿವಾಲಯದ ಮೂಲಕ ಆಫರ್ ಲೆಟರ್ ಕಳಿಸುತ್ತದೆ. ಈ ಸಚಿವಾಲಯವನ್ನು ಅಲ್ಲಿ ಎಲ್ಲರೂ 'ಮೊಹ್ರೆ' ಎಂದೇ ಕರೆಯುತ್ತಾರೆ. ನೀವು ಸಹಿ ಹಾಕಿದ ಮೇಲೆ ಮೊಹ್ರೆ ಕೆಲಸದ ಪರವಾನಗಿಗೆ ಒಪ್ಪಿಗೆ ಕೊಡುತ್ತದೆ. ಆಮೇಲೆ ವಲಸೆ ಇಲಾಖೆಯಿಂದ ಎಂಟ್ರಿ ಪರ್ಮಿಟ್ ಬರುತ್ತದೆ. ದುಬೈಗಾದರೆ ಅದನ್ನು ಜಿಡಿಆರ್‌ಎಫ್‌ಎ ಕೊಡುತ್ತದೆ, ಅಬುಧಾಬಿ, ಶಾರ್ಜಾ ಮುಂತಾದ ಉಳಿದ ಎಮಿರೇಟ್‌ಗಳಿಗೆ ಐಸಿಪಿ. ಈ ಪರ್ಮಿಟ್ ಹಿಡಿದು ನೀವು ವಿಮಾನ ಹತ್ತುತ್ತೀರಿ. ಇಳಿದ ಮೇಲೆ ವೈದ್ಯಕೀಯ ಪರೀಕ್ಷೆ, ಬೆರಳಚ್ಚು, ಎಮಿರೇಟ್ಸ್ ಐಡಿ, ಕೊನೆಗೆ ಸಾಮಾನ್ಯವಾಗಿ 2 ವರ್ಷದ ರೆಸಿಡೆನ್ಸ್ ವೀಸಾ.

ಈ ಸರಪಣಿಯ ಯಾವ ಕೊಂಡಿಯೂ ಏಜೆಂಟರ ಕೈಯಲ್ಲಿಲ್ಲ. ಶಾಲೆಗೆ ನಿಮ್ಮ ಹೆಸರು ಕೊಡುವುದು, ಸಂದರ್ಶನ ಏರ್ಪಡಿಸುವುದು, ಯಾವ ಕಾಗದ ಬೇಕು ಎಂದು ಹೇಳುವುದು, ದಾಖಲೆ ಓಡಾಡಿಸುವುದು, ಇಷ್ಟೇ ಅವರು ಮಾಡಬಲ್ಲ ಕೆಲಸ. ಚೆನ್ನಾಗಿ ಮಾಡಿದರೆ ಅದೂ ದೊಡ್ಡ ಉಪಕಾರವೇ. ಆದರೆ 'ನಮ್ಮ ಹತ್ತಿರ 20 ವೀಸಾ ಇದೆ, ಬೇಗ ಬುಕ್ ಮಾಡಿ' ಎನ್ನುವವರು ತಮ್ಮದಲ್ಲದ ವಸ್ತುವನ್ನು ಮಾರುತ್ತಿದ್ದಾರೆ.

ಶಾಲೆಗೂ ತನ್ನಿಷ್ಟದಂತೆ ಯಾರನ್ನಾದರೂ ತೆಗೆದುಕೊಳ್ಳಲು ಬರುವುದಿಲ್ಲ. ಶಿಕ್ಷಕರ ನೇಮಕಕ್ಕೆ ಶಿಕ್ಷಣ ಪ್ರಾಧಿಕಾರದ ಒಪ್ಪಿಗೆ ಬೇಕು: ದುಬೈನಲ್ಲಿ ಕೆಎಚ್‌ಡಿಎ, ಅಬುಧಾಬಿಯಲ್ಲಿ ಅಡೆಕ್, ಶಾರ್ಜಾದಲ್ಲಿ ಎಸ್‌ಪಿಇಎ. ಪದವಿ, ಬಿ.ಎಡ್., ಅನುಭವ, ಪೊಲೀಸ್ ಕ್ಲಿಯರೆನ್ಸ್ ಎಲ್ಲವೂ ಅಲ್ಲಿಗೆ ಹೋಗುತ್ತವೆ. ಹಾಗಾಗಿ ಸಂದರ್ಶನ, ಡೆಮೊ ಕ್ಲಾಸ್ ಯಾವುದೂ ಇಲ್ಲದೆ, ವಿಷಯ ಯಾವುದು, ಎಷ್ಟನೇ ತರಗತಿ ಎಂದೂ ಕೇಳದೆ 'ಸೆಲೆಕ್ಟ್ ಆಗಿದ್ದೀರಿ' ಎಂದರೆ ಅಲ್ಲೇ ನಿಲ್ಲಬೇಕು. ಶಿಕ್ಷಕರನ್ನು ಪಾಠ ಮಾಡಿಸಿ ನೋಡದೆ ತೆಗೆದುಕೊಳ್ಳುವ ಶಾಲೆ ನಮ್ಮೂರಲ್ಲೂ ಅಪರೂಪ, ಅಲ್ಲಂತೂ ಇನ್ನೂ ಅಪರೂಪ.

ಏಜೆಂಟ್ ಎನ್ನಿಸಿಕೊಳ್ಳಲು ಲೈಸೆನ್ಸ್ ಬೇಕು

ಭಾರತದಲ್ಲಿ ಕೂತು ವಿದೇಶದ ಕೆಲಸಕ್ಕೆ ಜನ ಕಳಿಸುವ ವ್ಯವಹಾರವನ್ನು 1983ರ ವಲಸೆ ಕಾಯ್ದೆ ನಿಯಂತ್ರಿಸುತ್ತದೆ. ಅದರ 10ನೇ ಕಲಂ ಪ್ರಕಾರ ನೋಂದಣಿ ಪ್ರಮಾಣಪತ್ರ ಇಲ್ಲದವರು ಈ ಕೆಲಸ ಮಾಡುವಂತಿಲ್ಲ. ಪ್ರಮಾಣಪತ್ರ ಕೊಡುವುದು ವಿದೇಶಾಂಗ ಸಚಿವಾಲಯದ ಅಡಿಯಲ್ಲಿರುವ ಪ್ರೊಟೆಕ್ಟರ್ ಜನರಲ್ ಆಫ್ ಎಮಿಗ್ರೆಂಟ್ಸ್. ಅದಕ್ಕಾಗಿ ಏಜೆಂಟರು ಬ್ಯಾಂಕ್ ಗ್ಯಾರಂಟಿ ಇಡಬೇಕಾಗುತ್ತದೆ. ಮೋಸ ನಡೆದರೆ ಕೈ ಹಾಕಲು ಸರ್ಕಾರಕ್ಕೆ ಒಂದು ಹಿಡಿತ ಇರಲೆಂದು ಈ ಏರ್ಪಾಡು.

ಇಲ್ಲೇ ಶಿಕ್ಷಕರು ಎಡವುವುದು. ಪಾಸ್‌ಪೋರ್ಟ್‌ಗಳಲ್ಲಿ ಇಸಿಆರ್ ಮತ್ತು ಇಸಿಎನ್‌ಆರ್ ಎಂದು ಎರಡು ಬಗೆ. ಎಸ್‌ಎಸ್‌ಎಲ್‌ಸಿ ಪಾಸಾಗದವರದ್ದು ಸಾಮಾನ್ಯವಾಗಿ ಇಸಿಆರ್. ಅವರು ಯುಎಇ, ಸೌದಿ, ಕುವೈತ್, ಕತಾರ್‌ನಂಥ ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ವಲಸೆ ಅನುಮತಿ ಪಡೆಯಬೇಕು, ಆಗ ಕೆಲಸದ ಕರಾರನ್ನು ಸರ್ಕಾರ ಒಮ್ಮೆ ನೋಡುತ್ತದೆ. ಎಸ್‌ಎಸ್‌ಎಲ್‌ಸಿ ದಾಟಿದವರದ್ದು ಇಸಿಎನ್‌ಆರ್, ಅನುಮತಿ ಬೇಡ. ಶಿಕ್ಷಕರೆಲ್ಲ ಈ ಎರಡನೇ ಗುಂಪಿನವರು. ಅಂದರೆ ಕೂಲಿ ಕೆಲಸಕ್ಕೆ ಹೋಗುವವರ ಕರಾರಿಗೆ ಸಿಗುವ ಸರ್ಕಾರಿ ಪರಿಶೀಲನೆ ಡಬಲ್ ಡಿಗ್ರಿ ಇರುವ ಟೀಚರ್‌ಗೆ ಸಿಗುವುದಿಲ್ಲ. 'ನಿಮ್ಮದು ಇಸಿಎನ್‌ಆರ್ ಅಲ್ವಾ, ನಮಗೆ ಲೈಸೆನ್ಸ್ ಬೇಕಾಗಲ್ಲ' ಎಂದು ಏಜೆಂಟರು ಹೇಳುವುದು ಇದೇ ಎಳೆ ಹಿಡಿದು. ಆ ಮಾತು ತಪ್ಪು. ಅನುಮತಿ ಬೇಡದಿರುವುದು ನಿಮಗೆ ಮಾತ್ರ, ಏಜೆಂಟರಿಗೆ ಲೈಸೆನ್ಸ್ ಬೇಕೇ ಬೇಕು.

ಪರೀಕ್ಷಿಸುವುದು ಕಷ್ಟವಲ್ಲ. ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಚಾಲ್ತಿಯಲ್ಲಿರುವ ನೋಂದಾಯಿತ ಏಜೆಂಟರ ಪಟ್ಟಿ ಇದೆ, ರಾಜ್ಯವಾರು ಹುಡುಕಬಹುದು. ನೋಂದಣಿ ಇಲ್ಲದೆ ವ್ಯವಹಾರ ಮಾಡಿ ದೂರಿಗೆ ಒಳಗಾದವರ ಪಟ್ಟಿಯೂ ಅಲ್ಲೇ ಇದೆ. ಹೆಸರು ಕಂಡಿತು ಎಂದು ಅಷ್ಟಕ್ಕೇ ಬಿಡಬೇಡಿ. ಪಟ್ಟಿಯಲ್ಲಿರುವ ವಿಳಾಸ, ಫೋನ್ ನಂಬರ್ ನಿಮ್ಮೊಂದಿಗೆ ಮಾತಾಡುತ್ತಿರುವವರದ್ದೇ ಹೌದೇ ನೋಡಿ. ಲೈಸೆನ್ಸಿನ ಅವಧಿ ಮುಗಿದಿಲ್ಲವೇ ನೋಡಿ. ಬೇರೆ ಊರಿನ ಯಾವುದೋ ಕಂಪನಿಯ ನೋಂದಣಿ ಸಂಖ್ಯೆಯನ್ನು ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಕೊಂಡು 'ನಾವು ಅವರ ಬ್ರಾಂಚ್' ಎನ್ನುವುದು ಮಾಮೂಲು. ಪಟ್ಟಿಯಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ 'ಈ ಹೆಸರಿನವರು ನಿಮ್ಮವರೇ, ಈ ಶಾಲೆಗೆ ನೀವು ಜನ ತೆಗೆಯುತ್ತಿದ್ದೀರಾ' ಎಂದು ಕೇಳಿದರೆ ಎರಡು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಜಿಎಸ್‌ಟಿ ನಂಬರ್, ಪಾಲಿಕೆಯ ಟ್ರೇಡ್ ಲೈಸೆನ್ಸ್, ಟ್ರಾವೆಲ್ಸ್ ಬೋರ್ಡ್ ಇವು ಯಾವುವೂ ಈ ನೋಂದಣಿಗೆ ಬದಲಿ ಅಲ್ಲ. ಸರ್ಕಾರಿ ಸಂಸ್ಥೆಗಳೂ ಈ ಕೆಲಸ ಮಾಡುತ್ತವೆ: ಕೇರಳದ ಒಡೆಪೆಕ್ 1977ರಿಂದ ಇದೆ, ಕರ್ನಾಟಕದಲ್ಲಿ ಕೌಶಲ್ಯಾಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ.

ಎಷ್ಟು ಕೊಡಬೇಕು?

ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ ಮಿತಿ ಇದೆ. ಗರಿಷ್ಠ 30,000 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 35,400. ಅದಕ್ಕೆ ರಸೀದಿ ಕೊಡಬೇಕು. ಎರಡು ಲಕ್ಷ, ಮೂರು ಲಕ್ಷ ಎಂದು ಕೇಳುವವರು ಯಾವ ಹೆಸರಿನಲ್ಲಿ ಕೇಳಿದರೂ ಅದು ಕಾನೂನಿನ ಆಚೆಯ ಹಣ.

ಯುಎಇ ಕಡೆಯಿಂದ ನೋಡಿದರೆ ಲೆಕ್ಕ ಇನ್ನೂ ಬಿಗಿ. 2022ರ ಫೆಬ್ರವರಿ 2ರಿಂದ ಜಾರಿಯಲ್ಲಿರುವ ಅಲ್ಲಿನ ಕಾರ್ಮಿಕ ಕಾನೂನು, ಅಂದರೆ 2021ರ 33ನೇ ಫೆಡರಲ್ ಕಾನೂನು, ನೇಮಕಾತಿಯ ವೆಚ್ಚವನ್ನು ನೌಕರರಿಂದ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ವಸೂಲಿ ಮಾಡುವುದನ್ನು ನಿಷೇಧಿಸಿದೆ. ಕೆಲಸದ ಪರವಾನಗಿ, ಎಂಟ್ರಿ ಪರ್ಮಿಟ್, ಅಲ್ಲಿ ಇಳಿದ ಮೇಲಿನ ವೈದ್ಯಕೀಯ ಪರೀಕ್ಷೆ, ಎಮಿರೇಟ್ಸ್ ಐಡಿ ಎಲ್ಲದರ ಖರ್ಚು ಶಾಲೆಯದ್ದು. ಹಾಗಾಗಿ ಏಜೆಂಟರ ಬಿಲ್ಲಿನಲ್ಲಿ 'ವೀಸಾ ಫೀ', 'ಲೇಬರ್ ಕಾರ್ಡ್ ಫೀ', 'ಇಮಿಗ್ರೇಷನ್ ಡೆಪಾಸಿಟ್' ಎಂಬ ಸಾಲು ಕಂಡರೆ ಶಾಲೆ ಆಗಲೇ ಕಟ್ಟಬೇಕಾದ ದುಡ್ಡನ್ನು ನಿಮ್ಮಿಂದ ಎರಡನೇ ಸಲ ಕೀಳುತ್ತಿದ್ದಾರೆ, ಇಲ್ಲವೇ ಶಾಲೆಯೇ ಇಲ್ಲ.

ನಿಮ್ಮ ಕೈಯಿಂದ ನ್ಯಾಯವಾಗಿ ಹೋಗುವ ಖರ್ಚು ಯಾವುದು? ಪಾಸ್‌ಪೋರ್ಟ್, ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸಿಗುವ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅದಕ್ಕೆ 500 ರೂಪಾಯಿ. ಪದವಿ ಪ್ರಮಾಣಪತ್ರಗಳ ಅಟೆಸ್ಟೇಷನ್. ಸಂದರ್ಶನಕ್ಕೆ ಓಡಾಟ. ಮೊದಲ ವಿಮಾನದ ಟಿಕೆಟ್ ಯಾರದ್ದು ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಕೇಳಿ. ಇದಿಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಏಜೆಂಟರು ಹೇಳಿದ ಮೊತ್ತದಲ್ಲಿ ಎಷ್ಟು ಯಾವುದಕ್ಕೆ ಎಂದು ಸಾಲು ಸಾಲಾಗಿ ಕೇಳಲು ಬರುತ್ತದೆ. ಉತ್ತರ 'ಎಲ್ಲಾ ಸೇರಿ ಪ್ಯಾಕೇಜ್' ಎಂದಾದರೆ ಅದು ಉತ್ತರವಲ್ಲ. ಹಣವನ್ನು ಕಂಪನಿಯ ಬ್ಯಾಂಕ್ ಖಾತೆಗೇ ಹಾಕಿ. ಯಾರದೋ ವೈಯಕ್ತಿಕ ಯುಪಿಐ ನಂಬರಿಗೆ ಕಳಿಸಿದ್ದು ನಾಳೆ ಸಾಲ ಕೊಟ್ಟಿದ್ದೋ ಫೀ ಕಟ್ಟಿದ್ದೋ ಎಂದು ಸಾಬೀತು ಮಾಡುವುದು ಕಷ್ಟ.

ಡಿಗ್ರಿ ಸರ್ಟಿಫಿಕೇಟಿನ ಬೆನ್ನ ಹಿಂದಿನ ಸೀಲುಗಳು

ಗಲ್ಫಿನಲ್ಲಿ ಪಾಠ ಮಾಡಿ ಬಂದವರ ಕಾನ್ವೊಕೇಷನ್ ಸರ್ಟಿಫಿಕೇಟನ್ನು ತಿರುಗಿಸಿ ನೋಡಿದರೆ ಹಿಂಬದಿ ಪೂರ್ತಿ ಸೀಲು, ಸ್ಟಿಕರ್, ಸಹಿಗಳಿಂದ ತುಂಬಿರುತ್ತದೆ. ಒಂದೊಂದು ಸೀಲೂ ಅದರ ಹಿಂದಿನ ಸೀಲು ನಿಜವೆಂದು ಹೇಳುವ ಸಾಕ್ಷಿ. ಶಾರ್ಜಾದ ಅಧಿಕಾರಿಗೆ ಕುವೆಂಪು ವಿಶ್ವವಿದ್ಯಾಲಯದ ಕುಲಸಚಿವರ ಸಹಿ ಗುರುತಿಲ್ಲ. ಆದರೆ ಕರ್ನಾಟಕ ಸರ್ಕಾರಕ್ಕೆ ಗೊತ್ತು. ಕರ್ನಾಟಕ ಸರ್ಕಾರದ ಸಹಿ ದೆಹಲಿಗೆ ಗೊತ್ತು. ದೆಹಲಿಯ ಸಹಿ ಯುಎಇ ರಾಯಭಾರ ಕಚೇರಿಗೆ ಗೊತ್ತು. ಪರಿಚಯದವರ ಪರಿಚಯದವರ ಮೂಲಕ ಜಾಮೀನು ಸಿಕ್ಕಂತೆ.

ಕ್ರಮ ಇದು: ಮೊದಲು ರಾಜ್ಯದ ಹಂತ, ಇದನ್ನು ಏಜೆಂಟರ ಭಾಷೆಯಲ್ಲಿ ಎಚ್‌ಆರ್‌ಡಿ ಅಟೆಸ್ಟೇಷನ್ ಎನ್ನುತ್ತಾರೆ. ಆಮೇಲೆ ವಿದೇಶಾಂಗ ಸಚಿವಾಲಯ. ಆಮೇಲೆ ಯುಎಇ ರಾಯಭಾರ ಕಚೇರಿ. ಕೊನೆಯದು ಯುಎಇಯ ವಿದೇಶಾಂಗ ಸಚಿವಾಲಯದ್ದು. ಹೊಸಬರಿಗೆ ಗೊಂದಲ ಮಾಡುವ ಇನ್ನೊಂದು ಪದ ಅಪಾಸ್ಟಿಲ್. ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಒಂದೇ ಸ್ಟಿಕರ್‌ನಲ್ಲಿ ಈ ಕೆಲಸ ಮುಗಿಸುವ ಪದ್ಧತಿ ಅದು. ಒಮಾನ್, ಬಹ್ರೇನ್ ಆ ಒಪ್ಪಂದದಲ್ಲಿವೆ, 2022ರ ಕೊನೆಯಿಂದ ಸೌದಿಯೂ ಇದೆ. ಯುಎಇಗೆ ರಾಯಭಾರ ಕಚೇರಿಯ ದಾರಿಯೇ ಹಿಡಿಯಬೇಕು. ಯುಎಇಗೆ ಹೋಗುವವರಿಗೆ ಅಪಾಸ್ಟಿಲ್ ಮಾಡಿಸಿಕೊಟ್ಟು ದುಡ್ಡು ತೆಗೆದುಕೊಂಡ ಏಜೆಂಟರು ಒಂದೋ ಕೆಲಸ ಗೊತ್ತಿಲ್ಲದವರು, ಇಲ್ಲವೇ ಗೊತ್ತಿದ್ದೂ ಮಾಡಿದವರು.

ಸೀಲು ಬಿದ್ದ ಮಾತ್ರಕ್ಕೆ ಪದವಿಗೆ ಅಲ್ಲಿ ಮಾನ್ಯತೆ ಸಿಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಅಟೆಸ್ಟೇಷನ್ ಹೇಳುವುದು 'ಈ ಕಾಗದ ಅಸಲಿ' ಎಂದಷ್ಟೇ. 'ಈ ಓದು ನಮ್ಮ ಲೆಕ್ಕಕ್ಕೆ ಸಾಕು' ಎಂದು ಹೇಳುವುದು ಬೇರೆ ಪ್ರಕ್ರಿಯೆ, ಅದಕ್ಕೆ ಈಕ್ವಿವಲೆನ್ಸಿ ಎನ್ನುತ್ತಾರೆ. ಅಲ್ಲಿ ವಿಶ್ವವಿದ್ಯಾಲಯದಿಂದ ಬರುವ ಪತ್ರದಲ್ಲಿ ಓದಿದ ವಿಧಾನ ಯಾವುದು ಎಂಬ ಸಾಲು ಮುಖ್ಯವಾಗುತ್ತದೆ. ದೂರಶಿಕ್ಷಣ, ಖಾಸಗಿ ಅಭ್ಯರ್ಥಿ, ಬಾಹ್ಯ ಎಂದಿದ್ದರೆ ತೊಡಕು. ಕರ್ನಾಟಕದವರಿಗೆ ಇದರಲ್ಲಿ ಒಂದು ವಿಶೇಷ ಎಚ್ಚರಿಕೆ ಬೇಕು: ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013-14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, 2018-19ರಿಂದ ಮತ್ತೆ ಸಿಕ್ಕಿತು. ಆ ನಡುವಿನ ವರ್ಷಗಳಲ್ಲಿ ಸೇರಿದವರು ಅಟೆಸ್ಟೇಷನ್‌ಗೆ ದುಡ್ಡು ಸುರಿಯುವ ಮೊದಲು ಪದವಿಯ ವರ್ಷ, ವಿಧಾನ ಎರಡನ್ನೂ ಶಾಲೆಯ ಎಚ್‌ಆರ್ ವಿಭಾಗಕ್ಕೆ ಮೇಲ್‌ನಲ್ಲಿ ತಿಳಿಸಿ, ಒಪ್ಪುತ್ತೀರಾ ಎಂದು ಲಿಖಿತವಾಗಿ ಕೇಳಿಕೊಳ್ಳಬೇಕು. 'ಅದೆಲ್ಲ ನಾನು ನೋಡಿಕೊಳ್ತೀನಿ' ಎಂಬ ಏಜೆಂಟರ ಮಾತು ಇಲ್ಲಿ ನಡೆಯುವುದಿಲ್ಲ.

ಅಟೆಸ್ಟೇಷನ್‌ಗೆ ಮೂಲ ಪ್ರಮಾಣಪತ್ರವನ್ನೇ ಕೊಡಬೇಕಾಗುತ್ತದೆ. ಆಗಲೇ ಸಿಕ್ಕಿಹಾಕಿಕೊಳ್ಳುವವರು ಹೆಚ್ಚು. ಒಮ್ಮೆ ಒರಿಜಿನಲ್ ಕೈಗೆ ಬಂದರೆ 'ಉಳಿದ ಹಣ ಕಟ್ಟಿ, ಇಲ್ಲದಿದ್ದರೆ ಸರ್ಟಿಫಿಕೇಟ್ ಕೊಡಲ್ಲ' ಎಂದು ಹಿಡಿದಿಟ್ಟುಕೊಳ್ಳುವವರಿದ್ದಾರೆ. ಹಾಗೆ ಹಿಡಿದಿಡಲು ಅವರಿಗೆ ಹಕ್ಕಿಲ್ಲ, ಆದರೆ ಬಿಡಿಸಿಕೊಳ್ಳುವಷ್ಟರಲ್ಲಿ ಶೈಕ್ಷಣಿಕ ವರ್ಷವೇ ಶುರುವಾಗಿರುತ್ತದೆ. ಕೊಡುವ ಮುನ್ನ ಎರಡೂ ಬದಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಪ್ರತಿ ಕಾಗದದ ಹೆಸರು, ನೋಂದಣಿ ಸಂಖ್ಯೆ, ವಾಪಸ್ ಕೊಡುವ ದಿನಾಂಕ ಬರೆದ ರಸೀದಿಗೆ ಸಹಿ, ಸೀಲು ಹಾಕಿಸಿಕೊಳ್ಳಿ. ಒಂದೇ ಸಲಕ್ಕೆ ಎಲ್ಲ ಒರಿಜಿನಲ್‌ಗಳನ್ನೂ ಒಪ್ಪಿಸಬೇಡಿ. ಇನ್ನೂ ಒಳ್ಳೆಯದೆಂದರೆ ನೇಮಕಾತಿ ಏಜೆಂಟರನ್ನು ಬಿಟ್ಟು ಬೇರೆಯವರಿಂದ, ವಿದೇಶಾಂಗ ಸಚಿವಾಲಯವೇ ಗೊತ್ತುಮಾಡಿದ ಸಂಗ್ರಹಣಾ ಕೇಂದ್ರಗಳ ಮೂಲಕ ಅಟೆಸ್ಟೇಷನ್ ಮಾಡಿಸುವುದು. ಕೆಲಸ ಕೊಡಿಸುವ ಕೈಯೂ ಸರ್ಟಿಫಿಕೇಟ್ ಹಿಡಿದ ಕೈಯೂ ಬೇರೆಬೇರೆ ಆಗಿದ್ದರೆ ಅರ್ಧ ಅಪಾಯ ಅಲ್ಲೇ ಕಡಿಮೆಯಾಗುತ್ತದೆ.

ಇನಿಷಿಯಲ್ ತಂದಿಡುವ ಫಜೀತಿ

ನಮ್ಮ ಕಡೆ ಹೆಸರಿನ ಜೊತೆ ಇನಿಷಿಯಲ್ ಇರುವುದು ವಾಡಿಕೆ. ಮಾರ್ಕ್ಸ್ ಕಾರ್ಡಿನಲ್ಲಿ 'ಕವಿತಾ ಎಚ್.ಎಸ್.', ಪಾಸ್‌ಪೋರ್ಟಿನಲ್ಲಿ ಬರೀ 'ಕವಿತಾ', ಬಿ.ಎಡ್. ಸರ್ಟಿಫಿಕೇಟಿನಲ್ಲಿ ಮದುವೆಯ ನಂತರದ ಹೆಸರು. ನಮಗೆ ಇದು ಸಹಜ, ಅಲ್ಲಿನ ಕಂಪ್ಯೂಟರಿಗೆ ಇವರು ಮೂರು ಜನ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಸರ್‌ನೇಮ್ ಜಾಗ ಖಾಲಿ ಇರುವವರಿಗೆ ವಿಸಿಟ್ ವೀಸಾದ ಮೇಲೆ ಪ್ರವೇಶವಿಲ್ಲ ಎಂದು ವಿಮಾನ ಕಂಪನಿಗಳಿಗೆ ತಿಳಿಸಿತು. ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕು ಎಂಬ ಸಡಿಲಿಕೆ ಆಮೇಲೆ ಬಂದರೂ, ಕೆಲಸಕ್ಕೆ ಹೋಗುವವರು ಇದರ ಮೇಲೆ ಭಾರ ಹಾಕಬಾರದು.

ಕೆಲಸ ಹುಡುಕುವ ಮೊದಲೇ ಇನಿಷಿಯಲ್ ಬಿಡಿಸಿ ಬರೆದ ಹೆಸರಿನಲ್ಲಿ ಪಾಸ್‌ಪೋರ್ಟ್ ಮರುಪಡೆಯುವುದು ಒಳಿತು. ಆಫರ್ ಲೆಟರ್, ಪೊಲೀಸ್ ಕ್ಲಿಯರೆನ್ಸ್ ಎಲ್ಲವೂ ಪಾಸ್‌ಪೋರ್ಟಿನಲ್ಲಿರುವ ಅಕ್ಷರಗಳಂತೆಯೇ ಇರಲಿ. ಎಂಟ್ರಿ ಪರ್ಮಿಟ್ ಬಂದಮೇಲೆ ಪಾಸ್‌ಪೋರ್ಟ್ ಬದಲಿಸಿದರೆ ನಂಬರ್ ಬದಲಾಗಿ ಪರ್ಮಿಟ್ ಕೆಲಸಕ್ಕೆ ಬಾರದಂತಾಗುತ್ತದೆ.

ಆಫರ್ ಲೆಟರ್ ಓದುವ ಬಗೆ

ಶಾಲೆಯ ಲೆಟರ್‌ಹೆಡ್ ಮೇಲೆ ಬಂದ ಪತ್ರ ಬೇರೆ, ಮೊಹ್ರೆಯ ಆಫರ್ ಲೆಟರ್ ಬೇರೆ. ಮೊದಲನೆಯದನ್ನು ಯಾವ ಡಿಟಿಪಿ ಅಂಗಡಿಯಲ್ಲಾದರೂ ತಯಾರಿಸಬಹುದು. ಎರಡನೆಯದರಲ್ಲಿ ವ್ಯವಹಾರ ಸಂಖ್ಯೆ ಮತ್ತು ಬಾರ್‌ಕೋಡ್ ಇರುತ್ತದೆ, ಅದನ್ನು ಸಚಿವಾಲಯದ ಜಾಲತಾಣದಲ್ಲಿ ನೀವೇ ಹಾಕಿ ನೋಡಬಹುದು. ಅರಬ್ಬಿ, ಇಂಗ್ಲಿಷ್ ಜೊತೆಗೆ ನೌಕರರಿಗೆ ಅರ್ಥವಾಗುವ ಇನ್ನೊಂದು ಭಾಷೆಯಲ್ಲೂ ಈ ಪತ್ರ ಸಿಗುತ್ತದೆ. ಹಿಂದಿ, ಮಲಯಾಳಂ, ತಮಿಳು, ಉರ್ದು ಆ ಪಟ್ಟಿಯಲ್ಲಿವೆ, ಕನ್ನಡ ಇಲ್ಲ. ಹಾಗಾಗಿ ಇಂಗ್ಲಿಷ್ ಪ್ರತಿಯನ್ನೇ ಸಾಲು ಬಿಡದೆ ಓದಬೇಕು. ಒಂದು ಅಪವಾದವಿದೆ: ಫ್ರೀ ಝೋನ್ ಎಂದು ಕರೆಯುವ ವಿಶೇಷ ವಲಯಗಳಲ್ಲಿರುವ ಶಾಲೆಗಳಿಗೆ ಪರವಾನಗಿ ಕೊಡುವುದು ಆ ವಲಯದ ಪ್ರಾಧಿಕಾರ. ಅಂಥ ಪತ್ರ ಮೊಹ್ರೆಯಲ್ಲಿ ಕಾಣದೆ ಹೋಗಬಹುದು. ಆಗ ಯಾವ ವಲಯ ಎಂದು ಕೇಳಿ, ಶಾಲೆಯ ಅಧಿಕೃತ ಜಾಲತಾಣದಲ್ಲಿರುವ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಏಜೆಂಟರು ಕೊಟ್ಟ ನಂಬರಿಗೆ ಮಾಡಿದರೆ ಪ್ರಯೋಜನವಿಲ್ಲ, ಅಲ್ಲಿ ಫೋನ್ ಎತ್ತುವವರು ಅವರ ಕಡೆಯವರೇ ಇರಬಹುದು.

ಪತ್ರದಲ್ಲಿ ಮೊದಲು ನೋಡಬೇಕಾದ್ದು ಹುದ್ದೆಯ ಹೆಸರು. ಟೀಚರ್ ಎಂದು ಹೇಳಿ ಪತ್ರದಲ್ಲಿ 'ಕ್ಲರ್ಕ್' ಎಂದೋ 'ಸೇಲ್ಸ್' ಎಂದೋ ಇದ್ದರೆ, 'ವೀಸಾ ಮಾತ್ರ ಹಾಗೆ, ಕೆಲಸ ಟೀಚರ್‌ದೇ' ಎಂಬ ಸಮಜಾಯಿಷಿ ಬರುತ್ತದೆ. ಬೇರೆ ಹುದ್ದೆಯ ಪರವಾನಗಿಯಲ್ಲಿ ತರಗತಿಗೆ ಹೋದರೆ ಶಿಕ್ಷಣ ಪ್ರಾಧಿಕಾರದ ತಪಾಸಣೆಯಲ್ಲಿ ಸಿಕ್ಕಿಬೀಳುವುದು ನೀವು. ನಾಳೆ ಅದನ್ನು ಬೋಧನಾ ಅನುಭವ ಎಂದು ತೋರಿಸಲೂ ಬರುವುದಿಲ್ಲ.

ಆಮೇಲೆ ಸಂಬಳದ ವಿಂಗಡಣೆ. ಇದನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಎರಡು ಶಾಲೆಗಳು ತಿಂಗಳಿಗೆ 4,000 ದಿರ್ಹಮ್ ಕೊಡುತ್ತೇವೆ ಎನ್ನುತ್ತವೆ ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ ಮೂಲ ವೇತನ 3,000, ಭತ್ಯೆ 1,000. ಎರಡನೆಯದರಲ್ಲಿ ಮೂಲ ವೇತನ 1,500, ಭತ್ಯೆ 2,500. ಪ್ರತಿ ತಿಂಗಳು ಕೈಗೆ ಬರುವುದು ಒಂದೇ. ಆದರೆ ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ ಮೂಲ ವೇತನದ ಮೇಲೆ: ಮೊದಲ 5 ವರ್ಷಗಳಲ್ಲಿ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲಿನ ವರ್ಷಗಳಿಗೆ 30 ದಿನದ್ದು. ಮೂರು ವರ್ಷ ಮುಗಿಸಿ ಬರುವಾಗ ಮೊದಲ ಶಾಲೆಯಲ್ಲಿ 6,300 ದಿರ್ಹಮ್ ಸಿಗುತ್ತದೆ, ಎರಡನೆಯದರಲ್ಲಿ 3,150. ಏಜೆಂಟರು 'ಟೋಟಲ್ ನಾಲ್ಕು ಸಾವಿರ' ಎಂದಷ್ಟೇ ಹೇಳುತ್ತಾರೆ. ಮೂಲ ವೇತನ ಎಷ್ಟು ಎಂದು ನೀವೇ ಕೇಳಬೇಕು.

ಸಂಸಾರ ಕರೆಸಿಕೊಳ್ಳುವ ಆಸೆ ಇರುವವರಿಗೆ ಇನ್ನೊಂದು ಅಂಕಿ ಮುಖ್ಯ. ಗಂಡ, ಹೆಂಡತಿ ಅಥವಾ ಮಕ್ಕಳಿಗೆ ನೀವು ಸ್ಪಾನ್ಸರ್ ಆಗಬೇಕಾದರೆ ತಿಂಗಳಿಗೆ 4,000 ದಿರ್ಹಮ್, ಇಲ್ಲವೇ 3,000 ದಿರ್ಹಮ್ ಜೊತೆಗೆ ವಸತಿ ಇರಬೇಕು. 2,800ರ ಕೆಲಸಕ್ಕೆ ಒಪ್ಪಿಕೊಂಡು ಹೋದವರು 'ಆರು ತಿಂಗಳಲ್ಲಿ ಫ್ಯಾಮಿಲಿ ವೀಸಾ' ಎಂಬ ಮಾತನ್ನು ನಂಬಿದರೆ ಕಾಯುತ್ತಲೇ ಇರಬೇಕಾಗುತ್ತದೆ. ಇದರ ತಿರುವುಮುರುವು ಸಂದರ್ಭವೂ ಅಲ್ಲಿ ಸಾಮಾನ್ಯ. ಗಂಡ ಆಗಲೇ ಯುಎಇಯಲ್ಲಿದ್ದು ಹೆಂಡತಿ ಅವರ ವೀಸಾದಲ್ಲಿದ್ದರೆ ಶಾಲೆ ಕೆಲಸದ ಪರವಾನಗಿ ಮಾತ್ರ ಮಾಡಿಸಿದರೆ ಸಾಕು. ಶಾಲೆಗೆ ಖರ್ಚು ಕಡಿಮೆ, ಆದ್ದರಿಂದಲೇ 'ಗಂಡನ ವೀಸಾದಲ್ಲಿರುವವರಿಗೆ ಆದ್ಯತೆ' ಎಂಬ ಜಾಹೀರಾತುಗಳು ಕಾಣುತ್ತವೆ. ಅಂಥವರಿಗೆ ಏಜೆಂಟರ ಅಗತ್ಯವೇ ಇಲ್ಲ.

ವಿಸಿಟ್ ವೀಸಾದಲ್ಲಿ ಹೋಗಿ, ಆಮೇಲೆ ಬದಲಾಯಿಸೋಣ

ಹೆಚ್ಚು ಜನ ನೊಂದಿರುವುದು ಈ ಒಂದು ಮಾತಿನಿಂದ, ಏಕೆಂದರೆ ಇದು ಅರ್ಧ ನಿಜ. ವಿಸಿಟ್ ವೀಸಾದಲ್ಲಿ ಹೋಗಿ, ಸಂದರ್ಶನ ಕೊಟ್ಟು, ಕೆಲಸ ಸಿಕ್ಕರೆ ಅಲ್ಲೇ ಇದ್ದುಕೊಂಡು ಕೆಲಸದ ವೀಸಾಕ್ಕೆ ಬದಲಾಯಿಸಿಕೊಳ್ಳಲು ಯುಎಇಯಲ್ಲಿ ಅವಕಾಶವಿದೆ. ಕಾನೂನುಬಾಹಿರವಾಗುವುದು ಬದಲಾವಣೆ ಆಗುವ ಮುನ್ನ ಕೆಲಸ ಶುರುಮಾಡುವುದು. 2024ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಪರವಾನಗಿ ಇಲ್ಲದವರನ್ನು ದುಡಿಸಿಕೊಳ್ಳುವ ಸಂಸ್ಥೆಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್ ದಂಡ. ಇಷ್ಟು ದಂಡಕ್ಕೆ ಹೆದರದೆ 'ನಾಳೆಯಿಂದಲೇ ಕ್ಲಾಸ್ ತಗೊಳ್ಳಿ' ಎನ್ನುವ ಶಾಲೆ ಗಟ್ಟಿಯಾದ ಶಾಲೆ ಆಗಿರುವುದಿಲ್ಲ.

ಏಜೆಂಟರು ಈ ದಾರಿ ಹಿಡಿಸುವುದಕ್ಕೆ ಕಾರಣ ಸರಳ. ವಿಸಿಟ್ ವೀಸಾಕ್ಕೆ ಶಾಲೆಯೇ ಬೇಕಿಲ್ಲ, ಯಾವ ಟ್ರಾವೆಲ್ಸ್‌ನವರೂ ಮಾಡಿಕೊಡುತ್ತಾರೆ. ನೀವು ವಿಮಾನ ಹತ್ತಿದ ಕೂಡಲೇ 'ವೀಸಾ ಕೊಡಿಸಿದ್ದೇವೆ' ಎಂದು ಬಾಕಿ ಹಣ ವಸೂಲಿ ಮಾಡಿಕೊಳ್ಳಬಹುದು. ಅಲ್ಲಿ ಹೋದಮೇಲೆ ಕೆಲಸ ಆಗದಿದ್ದರೆ ಗಡುವು ಮೀರಿದ ಪ್ರತಿ ದಿನಕ್ಕೆ 50 ದಿರ್ಹಮ್ ದಂಡ ಬೀಳತೊಡಗುತ್ತದೆ. ತಿಂಗಳು ಕಳೆದರೆ 1,500.

ಕೈಗೆ ಬಂದ ವೀಸಾ ಕಾಗದದಲ್ಲಿ ಯಾವ ಬಗೆಯದು ಎಂದು ಬರೆದೇ ಇರುತ್ತದೆ. ಕೆಲಸದ್ದಾದರೆ ಸ್ಪಾನ್ಸರ್ ಜಾಗದಲ್ಲಿ ಶಾಲೆಯ ಅಥವಾ ಅದನ್ನು ನಡೆಸುವ ಸಂಸ್ಥೆಯ ಹೆಸರು, ನಿಮ್ಮ ಹುದ್ದೆ ಎರಡೂ ಇರಬೇಕು. ಟೂರಿಸ್ಟ್ ಅಥವಾ ವಿಸಿಟ್ ಎಂದಿದ್ದು, ಸ್ಪಾನ್ಸರ್ ಜಾಗದಲ್ಲಿ ಟೂರಿಸಂ ಕಂಪನಿಯ ಹೆಸರಿದ್ದರೆ ಅದು ಕೆಲಸದ ವೀಸಾ ಅಲ್ಲ. ಪರ್ಮಿಟ್ ಅಸಲಿಯೇ ಎಂದು ಐಸಿಪಿ ಅಥವಾ ಜಿಡಿಆರ್‌ಎಫ್‌ಎ ಜಾಲತಾಣದಲ್ಲಿ ಪಾಸ್‌ಪೋರ್ಟ್ ವಿವರ ಹಾಕಿ ನೋಡಬಹುದು. ಇರುವ ಕೆಲಸಕ್ಕೆ ರಾಜೀನಾಮೆ ಕೊಡುವುದು ಈ ಪರಿಶೀಲನೆ ಮುಗಿದ ಮೇಲೆ.

ಇಳಿದ ಮೇಲೆ

ದೇಶ ಹೊಕ್ಕ ಮೇಲೆ 60 ದಿನದೊಳಗೆ ಉಳಿದ ಪ್ರಕ್ರಿಯೆ ಮುಗಿಯಬೇಕು. ವೈದ್ಯಕೀಯ ಪರೀಕ್ಷೆಯಲ್ಲಿ ರಕ್ತ ಮತ್ತು ಎದೆಯ ಎಕ್ಸ್-ರೇ ನೋಡುತ್ತಾರೆ. ಹಿಂದೆ ಕ್ಷಯ ಬಂದು ಗುಣವಾದವರ ಎಕ್ಸ್-ರೇಯಲ್ಲಿ ಕಲೆ ಉಳಿದಿರಬಹುದು, ಅವರು ಹೊರಡುವ ಮೊದಲೇ ಇಲ್ಲಿ ತೋರಿಸಿಕೊಂಡು ಹಳೆಯ ಚಿಕಿತ್ಸೆಯ ಕಾಗದ ಜೊತೆಗಿಟ್ಟುಕೊಳ್ಳುವುದು ಮೇಲು.

ಅಲ್ಲಿ ಸಹಿ ಹಾಕಿಸುವ ಕರಾರು ಇಲ್ಲಿ ಒಪ್ಪಿದ ಆಫರ್ ಲೆಟರಿನಂತೆಯೇ ಇರಬೇಕು. ಸಂಬಳ ಇಳಿಸಿದ ಹೊಸ ಕಾಗದ ಮುಂದಿಟ್ಟರೆ ಸಹಿ ಹಾಕದೆ ಮೊಹ್ರೆಗೆ ದೂರು ಕೊಡಬಹುದು. ಪಾಸ್‌ಪೋರ್ಟನ್ನು ಶಾಲೆ ಇಟ್ಟುಕೊಳ್ಳುವಂತಿಲ್ಲ. ಪ್ರಕ್ರಿಯೆಗೆಂದು ಕೊಟ್ಟರೂ ವಾಪಸ್ ಕೇಳಿ ಪಡೆಯಿರಿ. ಸಂಬಳ ಬ್ಯಾಂಕಿನ ಮೂಲಕವೇ ಬರಬೇಕೆಂಬ ವ್ಯವಸ್ಥೆ 2009ರಿಂದ ಇದೆ, ನಗದು ಕೊಟ್ಟು ರಿಜಿಸ್ಟರಿಗೆ ಸಹಿ ಹಾಕಿಸಿಕೊಳ್ಳುವುದು ಸರಿಯಲ್ಲ.

ಪ್ರೊಬೇಷನ್ 6 ತಿಂಗಳಿಗಿಂತ ಹೆಚ್ಚಿರುವಂತಿಲ್ಲ. ಆ ಅವಧಿಯಲ್ಲಿ ಕೆಲಸ ಬಿಟ್ಟು ಊರಿಗೆ ಮರಳುವುದಾದರೆ 14 ದಿನ ಮೊದಲು, ಅಲ್ಲೇ ಬೇರೆ ಶಾಲೆಗೆ ಸೇರುವುದಾದರೆ ಒಂದು ತಿಂಗಳು ಮೊದಲು ಲಿಖಿತ ನೋಟಿಸ್ ಕೊಡಬೇಕು. ಎರಡನೇ ಸಂದರ್ಭದಲ್ಲಿ ಹಳೆಯ ಶಾಲೆ ನೇಮಕಾತಿ ಖರ್ಚು ಕೇಳಿದರೆ ಕೊಡಬೇಕಾದ್ದು ಹೊಸ ಶಾಲೆ, ನೀವಲ್ಲ. ಹೇಳದೆ ಕೇಳದೆ ಹೊರಟುಬಂದರೆ ಒಂದು ವರ್ಷ ಹೊಸ ಪರವಾನಗಿ ಸಿಗದಿರಬಹುದು. ಮನೆಪಾಠದ ಬಗ್ಗೆಯೂ ಒಂದು ಮಾತು: ಅಲ್ಲಿ ಪರವಾನಗಿ ಇಲ್ಲದೆ ಟ್ಯೂಷನ್ ಹೇಳುವುದು ಅಪರಾಧ. 2023ರ ಡಿಸೆಂಬರ್‌ನಿಂದ ಅದಕ್ಕೆಂದೇ 2 ವರ್ಷದ ಉಚಿತ ಪರವಾನಗಿ ಬಂದಿದೆ. 'ಸಂಬಳ ಕಡಿಮೆಯಾದರೇನು, ಟ್ಯೂಷನ್‌ನಲ್ಲಿ ಎತ್ತಬಹುದು' ಎಂದು ಏಜೆಂಟರು ಹೇಳಿದರೆ ಈ ನಿಯಮ ನೆನಪಿರಲಿ.

ದುಡ್ಡು ಕೊಟ್ಟಾಗಿದೆ, ಏನು ಮಾಡುವುದು?

ಆನ್‌ಲೈನ್‌ನಲ್ಲಿ ಕಳಿಸಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಅವಕಾಶ ಕೆಲವೇ ಗಂಟೆಗಳದ್ದು, ಆದ್ದರಿಂದ ಏಜೆಂಟರ ಜೊತೆ ಚರ್ಚೆಗೆ ಕೂರಬೇಡಿ. ವಾಟ್ಸ್ಆ್ಯಪ್ ಮಾತುಕತೆಯನ್ನು ಪೂರ್ತಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ, ಅವರು ಸಂದೇಶ ಅಳಿಸುವುದು ಸಾಮಾನ್ಯ. ಬ್ಯಾಂಕ್ ಸ್ಟೇಟ್‌ಮೆಂಟ್, ಆಫರ್ ಲೆಟರ್, ವೀಸಾ ಕಾಗದ, ಕರೆ ಮಾಡಿದ ನಂಬರುಗಳು ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಒಂದು ಫೈಲ್ ಮಾಡಿ.

ಪೊಲೀಸ್ ದೂರಿನಲ್ಲಿ ವಂಚನೆಯ ಕಲಂ ಜೊತೆಗೆ ವಲಸೆ ಕಾಯ್ದೆಯ ಹೆಸರನ್ನೂ ಬರೆಸಿ. ವಲಸೆ ಕಾಯ್ದೆಯ 24ನೇ ಕಲಂನಲ್ಲಿ ಶಿಕ್ಷೆ 2 ವರ್ಷದವರೆಗೆ ಜೈಲು, ದಂಡ ಮಾತ್ರ 2,000 ರೂಪಾಯಿಯವರೆಗೆ, 1983ರ ಕಾಲದ ಮೊತ್ತ. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಇದಕ್ಕಿಂತ ಬಲವಾದದ್ದು, ಅದರ 4ನೇ ಉಪಕಲಂನಡಿ 7 ವರ್ಷದವರೆಗೆ ಶಿಕ್ಷೆ ಇದೆ. ಠಾಣೆಯಲ್ಲಿ ಕೆಲವೊಮ್ಮೆ 'ವಲಸೆ ಕಾಯ್ದೆಯ ಕೇಸಿಗೆ ಕೇಂದ್ರ ಸರ್ಕಾರದ ಅನುಮತಿ ಬೇಕು' ಎಂದು ಹಿಂದೇಟು ಹಾಕುತ್ತಾರೆ. ವಲಸೆ ಹೋದವರು ಅಥವಾ ಹೋಗಲು ಹೊರಟವರು ತಾವೇ ದೂರು ಕೊಟ್ಟಾಗ, ಇಲ್ಲವೇ ಅವರ ಪರವಾಗಿ ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ಕೊಟ್ಟಾಗ ಆ ಅನುಮತಿ ಬೇಕಿಲ್ಲ ಎಂದು 27ನೇ ಕಲಂನಲ್ಲೇ ಇದೆ. ದೂರಿನ ಪ್ರತಿಯನ್ನು ಇ-ಮೈಗ್ರೇಟ್‌ನಲ್ಲೂ ಹಾಕಿ. ಏಜೆಂಟರು ನೋಂದಾಯಿತರಾಗಿದ್ದರೆ ಅವರ ಲೈಸೆನ್ಸ್, ಬ್ಯಾಂಕ್ ಗ್ಯಾರಂಟಿ ಎರಡೂ ಪ್ರೊಟೆಕ್ಟರ್ ಜನರಲ್ ಕಚೇರಿಯ ಕೈಯಲ್ಲಿವೆ.

ಆಗಲೇ ಅಲ್ಲಿಗೆ ಹೋಗಿ ಸಿಕ್ಕಿಕೊಂಡವರಿಗೆ ದುಬೈನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 800 46342. ಭಾರತದಲ್ಲಿರುವವರಿಗೆ 1800 11 3090. ಈ ಎರಡು ನಂಬರ್ ಮತ್ತು ಪಾಸ್‌ಪೋರ್ಟ್, ಆಫರ್ ಲೆಟರ್, ಎಂಟ್ರಿ ಪರ್ಮಿಟ್‌ಗಳ ಪ್ರತಿ ಊರಿನಲ್ಲಿ ಮನೆಯವರ ಹತ್ತಿರವೂ ಇರಲಿ. ಫೋನ್ ಕೈತಪ್ಪಿದಾಗ ಇಲ್ಲಿಂದ ದೂರು ಕೊಡಬೇಕಾದವರು ಅವರೇ.